ಗೌಸುಸಾಬರ ಮೂರು ಕೆಬಿ ಅತಿಕ್ರಮಣ

ಮಾನ್ಯ ಮುಖ್ಯಾಧಿಕಾರಿಗಳೇ,

ತಮ್ಮ ಕಚೇರಿಯ ಇ-ಮೇಲ್ ಯಂತ್ರದಲ್ಲಿ ಜಾಗ ಸಾಲದೆ ಬಂತೆಂದು, ತಾವು ಓದದೇ ಬಿಟ್ಟಿದ್ದ ನಮ್ಮ ಅರ್ಜಿಗಳನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ‘ಮುಕ್ತಾಯ’ ಮಾಡಿಬಿಟ್ಟಿದ್ದೀರಿ. ಆ ಮುಕ್ತಾಯದ ರಾಶಿಯಲ್ಲಿ ಪಂಪು ರಿಪೇರಿಯ ಗೌಸುಸಾಬರ ಆಕ್ಷೇಪಣೆಯೂ ಸೇರಿದೆ. ಅದನ್ನು ತಾವು ಓದಿಲ್ಲ, ತಮ್ಮ ಕೈಕೆಳಗಿನವರು ಓದಿಲ್ಲ, ಯಂತ್ರವಂತೂ ಓದುವುದಿಲ್ಲ. ಆದರೂ ಅದು ಮುಗಿದಿದೆ. ಮುಗಿದಿದೆ ಎಂಬ ಒಂದೇ ಕಾರಣಕ್ಕೆ ಬರುವ ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಎದುರಿರುವ ಅವರ ಡಬ್ಬಿ ಅಂಗಡಿಯನ್ನು ತಮ್ಮ ಜನ ಕಿತ್ತು ಟ್ರ್ಯಾಕ್ಟರಿಗೆ ಹೇರಲಿದ್ದಾರೆ. ನನ್ನ ದೂರು ಇಷ್ಟೇ. ಇನ್ನುಳಿದದ್ದು ಸಿಟ್ಟು.

ಈ ಪತ್ರವನ್ನು ಮೊದಲು ಇ-ಮೇಲಿನಲ್ಲಿಯೇ ಕಳಿಸಿದ್ದೆ. ನಿಮಿಷ ಕಳೆಯುವುದರೊಳಗೆ ಉತ್ತರ ಬಂತು. ತಮ್ಮ ಕಚೇರಿಯಿಂದ ಒಬ್ಬ ನಾಗರಿಕನಿಗೆ ಇಷ್ಟು ಬೇಗ ಉತ್ತರ ಬಂದದ್ದನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಕಣ್ಣು ತುಂಬಿ ಬಂತು. ಆಮೇಲೆ ಸೈಬರ್ ಕೆಫೆಯ ಆರಿಫ ಅದನ್ನು ಓದಿ ಅರ್ಥ ಹೇಳಿದ. ಪೆಟ್ಟಿಗೆ ತುಂಬಿದೆಯಂತೆ, ಪತ್ರ ಒಳಗೆ ಹೋಗಲಿಲ್ಲವಂತೆ. ಮೊನ್ನೆ ತಾನೇ ಜಾಗ ಖಾಲಿ ಮಾಡಿದ್ದಾರಲ್ಲೋ ಎಂದೆ. ಖಾಲಿ ಮಾಡಿದ್ದೂ ನಿಜ, ಮತ್ತೆ ತುಂಬಿದ್ದೂ ನಿಜ ಎಂದ. ಯಾತರಿಂದ ತುಂಬಿತೆಂಬುದನ್ನು ಮುಂದೆ ಹೇಳುತ್ತೇನೆ. ತಮ್ಮ ಪೆಟ್ಟಿಗೆಯಲ್ಲಿ ನನಗೆ ಜಾಗವಿಲ್ಲದ ಕಾರಣ ಪತ್ರಿಕೆಯಲ್ಲಿ ಜಾಗ ಕೇಳಿ ಬರೆಯುತ್ತಿದ್ದೇನೆ.

ತಮ್ಮ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ರೋಣ, ನರಗುಂದ, ಗಜೇಂದ್ರಗಡ ಮೂರಕ್ಕೂ ಪುರಸಭೆಗಳಿವೆ, ಮೂರಕ್ಕೂ ಬಸ್ ಸ್ಟ್ಯಾಂಡುಗಳಿವೆ. ಒಂದರ ಹೆಸರು ಬರೆದರೆ ಉಳಿದೆರಡು ಊರಿನವರು, ನಮ್ಮ ಕಚೇರಿ ಅದಕ್ಕಿಂತ ಯಾವುದರಲ್ಲಿ ಕಡಿಮೆ ಎಂದು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಮೂವರು ಮುಖ್ಯಾಧಿಕಾರಿಗಳೂ ಓದಲಿ. ಓದುತ್ತ ಯಾರಿಗೆ ಕುರ್ಚಿ ಚುಚ್ಚಿದಂತಾಗುತ್ತದೋ ಅವರಿಗೇ ಬರೆದದ್ದೆಂದು ತಿಳಿಯಲಿ. ನನ್ನ ಬಗ್ಗೆ ಹೇಳುವುದಾದರೆ, ರೈತ ಚಳವಳಿಯ ಮೈಕು ಹಿಡಿದು ಗಂಟಲು ಹರಿದುಕೊಂಡವನು. ಈ ಮೂರೂ ಊರಿನ ಕಚೇರಿಗಳ ಮುಂದೆ ಧರಣಿ ಕೂತಿದ್ದೇನೆ. ತಮ್ಮ ಕಚೇರಿಯ ಮೂರನೆಯ ಮೆಟ್ಟಿಲು ನನ್ನ ಅಳತೆಗೆ ಸವೆದಿದೆ; ಬೇಕಾದರೆ ಇಂಜಿನಿಯರನ್ನು ಕಳಿಸಿ ಪರೀಕ್ಷೆ ಮಾಡಿಸಬಹುದು.

ಹೋದ ವರ್ಷ ತಮ್ಮ ಕಚೇರಿಗೆ ಕಂಪ್ಯೂಟರುಗಳು ಬಂದವು. ಅವುಗಳ ಬೆನ್ನಿಗೆ ಸರ್ವರ್ ಎಂಬ ಕಪ್ಪು ಕಪಾಟಿನಂಥ ಯಂತ್ರ ಬಂತು. ಕಚೇರಿಯ ಇ-ಮೇಲುಗಳೆಲ್ಲ ಅದರ ಹೊಟ್ಟೆಯಲ್ಲಿರುತ್ತವಂತೆ. ಅದಕ್ಕೆ ಸೆಖೆ ತಡೆಯುವುದಿಲ್ಲವೆಂದು ಬೇರೆ ಕೋಣೆ, ಕೋಣೆಗೆ ಏಸಿ. ಅರ್ಜಿ ಹಿಡಿದು ನಿಂತವರಿಗೆ ತಮ್ಮಲ್ಲಿ ಫ್ಯಾನಿಲ್ಲ, ಅರ್ಜಿಗೆ ಏಸಿ ಇದೆ. ಇದನ್ನು ಪ್ರಗತಿ ಎನ್ನದೆ ಬೇರೇನೆನ್ನಬೇಕು? ಆಮೇಲೆ ಗೋಡೆಯ ಮೇಲೆ ಪ್ರಕಟಣೆ ಹಚ್ಚಿದಿರಿ: ‘ಇನ್ನು ಮುಂದೆ ದೂರು, ಆಕ್ಷೇಪಣೆ, ಅಹವಾಲುಗಳನ್ನು ಇ-ಮೇಲ್ ಮೂಲಕವೇ ಸಲ್ಲಿಸತಕ್ಕದ್ದು. ಕಾಗದದ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ.’ ಚಳವಳಿಯ ಗೆಳೆಯರು ಗೊಣಗಿದರು. ನಾನೇ ಸಮಾಧಾನ ಹೇಳಿದೆ. ಗಂಟಲಿಗೆ ವಿಶ್ರಾಂತಿ, ಪೊಲೀಸರಿಗೆ ವಿಶ್ರಾಂತಿ, ಮೆಟ್ಟಿಲಿಗೂ ವಿಶ್ರಾಂತಿ ಎಂದೆ. ವಿಶ್ರಾಂತಿಯೆಲ್ಲ ಅರ್ಜಿಗೇ ಮೀಸಲೆಂದು ಆಗ ತಿಳಿದಿರಲಿಲ್ಲ.

ಗೌಸುಸಾಬರು ಬೆಳೆಗೆ ಕೀಟನಾಶಕದ ಎಣ್ಣೆ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುತ್ತಾರೆ. ಕಡಲೆಗೆ ಕೀಡೆ ಬಿದ್ದ ದಿನಗಳಲ್ಲಿ ಜಕ್ಕಲಿ, ಬೆಳವಣಕಿ, ಇಟಗಿ ಕಡೆಯ ರೈತರು ಸೋರುವ ಪಂಪನ್ನು ಬೆನ್ನಿಗೆ ಕಟ್ಟಿಕೊಂಡೇ ಬಸ್ಸು ಹತ್ತುತ್ತಾರೆ. ಇಳಿದರೆ ಎದುರಿಗೇ ಗೌಸುಸಾಬರ ತಗಡಿನ ಡಬ್ಬಿ. ವಾಸರ್ ಬದಲಿಸಿಕೊಂಡು, ನೀರು ತುಂಬಿ, ಒಮ್ಮೆ ಆಕಾಶಕ್ಕೆ ಹೊಡೆದು ನೋಡಿ, ಅದೇ ಬಸ್ಸು ತಿರುಗಿ ಹೊರಡುವುದರೊಳಗೆ ಹತ್ತಿ ಕೂಡುತ್ತಾರೆ. ಮುಂಜಾನೆ ಸೋರಿದ ಪಂಪು ಮಧ್ಯಾಹ್ನ ಹೊಲದಲ್ಲಿರುತ್ತದೆ. ಈ ಕಸುಬು ಬಸ್ಸಿನ ಬಾಗಿಲಿಗೆ ಅಂಟಿಕೊಂಡ ಕಸುಬು. ಡಬ್ಬಿಯನ್ನು ಊರ ಹೊರಗೆ ಒಯ್ದು ಇಟ್ಟರೆ ಅಲ್ಲಿಗೆ ಯಾವ ರೈತನೂ ಪಂಪು ಹೊತ್ತು ನಡೆಯುವುದಿಲ್ಲ, ಗೌಸುಸಾಬರು ಅಲ್ಲಿ ಕೂತು ನೊಣ ಹೊಡೆಯಬೇಕಾಗುತ್ತದೆ. ಅವರಿಗೆ ಬೇರೆ ಕೆಲಸ ಬರುವುದಿಲ್ಲ. ಬರುತ್ತದೆಂದು ಅವರು ಎಂದೂ ಹೇಳಿಕೊಂಡದ್ದಿಲ್ಲ.

ಕಳೆದ ದೀಪಾವಳಿ ಮುಗಿದ ಮೇಲೆ ತಮ್ಮ ಸಿಬ್ಬಂದಿ ಟೇಪು ಹಿಡಿದು ಬಂದರು. ಬಸ್ಸು ತಿರುಗಲು ಜಾಗ ಸಾಲುತ್ತಿಲ್ಲ, ಇದು ಅತಿಕ್ರಮಣ ಎಂದು ಡಬ್ಬಿಯ ಮೇಲೆ ಕೆಂಪು ಬಣ್ಣದಲ್ಲಿ ಗುಣಿಸುವ ಗುರುತು ಬಳಿದರು. ಆಕ್ಷೇಪಣೆ ಇದ್ದವರು ಇ-ಮೇಲ್ ಮಾಡಬೇಕು, ಅದು ಇತ್ಯರ್ಥವಾಗುವವರೆಗೆ ಯಾರ ಅಂಗಡಿಯನ್ನೂ ಮುಟ್ಟುವುದಿಲ್ಲ ಎಂದು ನೋಟೀಸಿನಲ್ಲಿ ತಾವೇ ಮಾತು ಕೊಟ್ಟಿದ್ದಿರಿ. ಗೌಸುಸಾಬರು ಆ ಮಾತನ್ನು ನಂಬಿದರು. ಅವರಲ್ಲಿ ಅದೊಂದು ದೋಷವಿದೆ: ಸರ್ಕಾರದ ಮುದ್ರೆ ಕಂಡರೆ ನಂಬಿಬಿಡುತ್ತಾರೆ. ಅವರ ಹೆಂಡತಿ ಸಾಬೀರಾ ಅಷ್ಟು ಸುಲಭಕ್ಕೆ ನಂಬುವವರಲ್ಲ. ಆದರೆ ಇ-ಮೇಲ್ ಅಂದರೆ ಇ-ಮೇಲ್ ಎಂದು ಅವರೇ ಗಂಡನನ್ನು ಆರಿಫನ ಸೈಬರ್ ಕೆಫೆಗೆ ಹೊರಡಿಸಿದರು. ಸಾಕ್ಷಿಗಿರಲಿ ಎಂದು ನನ್ನನ್ನೂ ಕರೆದರು.

ಗೌಸುಸಾಬರು ಸೀಮೆಎಣ್ಣೆಯ ಕೈ ತೊಳೆದುಕೊಂಡು, ಟೋಪಿ ಸರಿಪಡಿಸಿಕೊಂಡು, ಯಂತ್ರದ ಮುಂದೆ ಅಧಿಕಾರಿಯ ಮುಂದೆ ಕೂತಂತೆ ಕುರ್ಚಿಯ ತುದಿಗೆ ಕೂತರು. ನಾವೆಲ್ಲ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯಿಸಬೇಕು ಎಂದು ಹೇಳಲು ಶುರು ಮಾಡಿದರು. ಆರಿಫ ನಗು ತಡೆದುಕೊಂಡು ಅದನ್ನೂ ಟೈಪು ಮಾಡುತ್ತಿದ್ದ.

“ಬೀಗರಿಗೆ ಕಾಗದ ಬರಸಾಕತ್ತೀರೇನು?” ಎಂದರು ಸಾಬೀರಾ. “ಅವರು ಆರಾಮನ ಅದಾರ. ಡಬ್ಬಿದು ಹೇಳ್ರಿ ಮೊದ್ಲ.”

ಆಗ ಅವರು ಡಬ್ಬಿಯದು ಹೇಳಿದರು. ಹೇಳಿದ್ದು ನಾಲ್ಕೇ ಸಾಲು. ತಾವು ಓದಿಲ್ಲವಾದ್ದರಿಂದ ಅದನ್ನಿಲ್ಲಿ ಬರೆಯುತ್ತೇನೆ. ಡಬ್ಬಿಯ ಹಿಂದೆ ಬಸ್ ಸ್ಟ್ಯಾಂಡಿನ ಕಾಂಪೌಂಡಿನವರೆಗೆ ಎರಡು ಫೂಟು ಜಾಗ ಸುಮ್ಮನೆ ಬಿದ್ದಿದೆ, ಅಲ್ಲಿ ಕಸವಲ್ಲದೆ ಬೇರೇನಿಲ್ಲ. ಡಬ್ಬಿಯನ್ನು ಆ ಎರಡು ಫೂಟು ಹಿಂದಕ್ಕೆ ಸರಿಸಿದರೆ ಬಸ್ಸು ಸಲೀಸಾಗಿ ತಿರುಗುತ್ತದೆ; ಡ್ರೈವರ್ ಹುಚ್ಚಪ್ಪನವರನ್ನು ನಿಲ್ಲಿಸಿಕೊಂಡು ಹಗ್ಗ ಹಿಡಿದು ಅಳತೆ ಮಾಡಿ ನೋಡಿದ್ದಾಗಿದೆ. ಸರಿಸಲು ನಾನು ತಯಾರು, ನನ್ನ ಖರ್ಚಿನಲ್ಲಿಯೇ. ಆದರೆ ತಮ್ಮನ್ನು ಕೇಳದೆ ಸರಿಸಿದರೆ ಅದೂ ಒಂದು ಅತಿಕ್ರಮಣವಾದೀತೆಂದು ತಮ್ಮ ಒಪ್ಪಿಗೆಯ ದಾರಿ ಕಾಯುತ್ತಿದ್ದೇನೆ.

ಮಾನ್ಯರೇ, ಇದು ಆಕ್ಷೇಪಣೆಯೇ? ತಮ್ಮ ಕೆಲಸವನ್ನು ತಾನೇ ಮಾಡಿಕೊಡುತ್ತೇನೆಂದು ಒಬ್ಬ ಮನುಷ್ಯ ಕೈಮುಗಿದು ಕೇಳಿದ್ದು ಇದು. ಇಂಥ ಆಕ್ಷೇಪಣೆ ನಮ್ಮ ಚಳವಳಿಯಿಂದ ತಮಗೆ ಎಂದಾದರೂ ಬಂದಿದೆಯೇ? ನಾವಾದರೆ ಮೊದಲು ತಮ್ಮ ಪ್ರತಿಕೃತಿ ಸುಡುತ್ತಿದ್ದೆವು, ಆಮೇಲೆ ಅಳತೆಯ ಹಗ್ಗ ಹುಡುಕುತ್ತಿದ್ದೆವು.

ಆರಿಫ ಗುಂಡಿ ಒತ್ತಿ, ಹೋಯಿತು ಎಂದ. ಗೌಸುಸಾಬರು ಎದ್ದೇಳಲಿಲ್ಲ. ಮುಟ್ಟಿತೆಂದು ಶಿಕ್ಕಾ ಹೊಡೆದು ಕೊಡುವವರು ಯಾರೆಂದು ಕೇಳಿದರು. ಇದರಲ್ಲಿ ಶಿಕ್ಕಾ ಇರುವುದಿಲ್ಲ ಚಾಚಾ ಎಂದು ಅವನು ಹೇಳಿದಾಗ ಅವರ ಮುಖ ನೋಡಬೇಕಿತ್ತು. ಮುದ್ರೆ ಇಲ್ಲದ ಸರ್ಕಾರವನ್ನು ಅವರು ಅಂದೇ ಮೊದಲ ಸಲ ನೋಡಿದ್ದು.

ಆಮೇಲೆ ಕಾಯುವುದು ಶುರುವಾಯಿತು. ಕಡಲೆ ಹೂ ಬಿಟ್ಟಿತು, ಕಾಯಿ ಕಟ್ಟಿತು, ಕಿತ್ತು ಒಕ್ಕಿಯೂ ಆಯಿತು. ಸಂತೆಯ ದಿನ ಬಿಡುವು ಮಾಡಿಕೊಂಡು ಗೌಸುಸಾಬರು ತಮ್ಮ ಕಚೇರಿಗೆ ಹೋಗಿ ವಿಚಾರಿಸುತ್ತಿದ್ದರು. ಬಂದಿದೆ, ಸಾಹೇಬರು ನೋಡಬೇಕು ಎಂದು ಗುಮಾಸ್ತರು ಹೇಳಿ ಕಳಿಸುತ್ತಿದ್ದರು. ತಾವು ನೋಡಲಿಲ್ಲ. ಬಿಡುವಿರಲಿಲ್ಲವೆಂಬುದು ಸುಳ್ಳಲ್ಲ. ತಾವು ಆ ದಿನಗಳಲ್ಲಿ ಉದ್ಘಾಟನೆಗಳಲ್ಲಿದ್ದಿರಿ.

ಇಷ್ಟರಲ್ಲಿ ಯಂತ್ರದ ಹೊಟ್ಟೆ ತುಂಬಿತು. ಹೊಸ ಇ-ಮೇಲ್ ಒಳಗೆ ಹೋಗದಾಯಿತು. ಮೂರು ತಿಂಗಳಿಗಿಂತ ಹಳೆಯದಾದ ಇ-ಮೇಲುಗಳನ್ನು ಆರ್ಕೈವ್ ಮಾಡಿ ಡಿಸ್ಕಿನಲ್ಲಿ ಜಾಗ ಬಿಡಿಸಿಕೊಳ್ಳಿರಿ ಎಂದು ಮೇಲಿನಿಂದ ಸುತ್ತೋಲೆ ಬಂತು. ಆರ್ಕೈವ್ ಅಂದರೆ ನಡೆಯುತ್ತಿರುವ ಯಂತ್ರದಿಂದ ಹಳೆಯದನ್ನು ತೆಗೆದು ಸೀಡಿಗಳಿಗೆ ಇಳಿಸಿ ಬೇರೆ ಕಡೆ ಜೋಪಾನವಾಗಿ ಇಡುವುದು. ಇದರಲ್ಲಿ ತಪ್ಪೇನೂ ಇಲ್ಲ. ತಪ್ಪು ಶುರುವಾದದ್ದು ತಾವು ಆ ಸುತ್ತೋಲೆಯನ್ನು ಓದದೆ, ‘ಹಳೆಯದು’ ಎಂಬ ಒಂದು ಪದ ಕಂಡು, ರೆಕಾರ್ಡ್ ರೂಮಿನ ಉಡಚಪ್ಪನವರ ಮೇಜಿಗೆ ದಾಟಿಸಿದಾಗ.

ಉಡಚಪ್ಪನವರನ್ನು ನಾನು ಬಲ್ಲೆ. ಪ್ರಾಮಾಣಿಕ ಮನುಷ್ಯ. ಆ ಕೋಣೆಗೆ ಅವರದೊಂದು ಕಟ್ಟುಪಾಡಿದೆ, ಅದು ಅವರ ಹಿಂದಿನವರಿಂದ ಬಂದದ್ದು: ಮುಗಿಯದ ಕಡತ ರೆಕಾರ್ಡ್ ರೂಮಿನ ಹೊಸ್ತಿಲು ದಾಟುವಂತಿಲ್ಲ. ಕಡತದ ಮೇಲೆ ‘ಮುಕ್ತಾಯ’ ಎಂದು ಬರೆದಿರಬೇಕು, ಆಗಲೇ ಅದಕ್ಕೆ ಕೆಂಪು ಬಟ್ಟೆ. ತಮ್ಮ ಹಿಂದಿನ ಸಾಹೇಬರೊಬ್ಬರು ತಲೆಬೇನೆಯ ಕಡತವೊಂದನ್ನು ಮುಗಿಸದೆ ಅಲ್ಲಿಗೆ ತಳ್ಳಲು ನೋಡಿದಾಗ ಉಡಚಪ್ಪನವರು ಅದನ್ನು ಹೊತ್ತುಕೊಂಡು ಬಂದು ಅವರ ಮೇಜಿನ ಮೇಲೆಯೇ ಇಟ್ಟಿದ್ದರು. ಕಾಗದದ ಕಾಲದಲ್ಲಿ ಈ ಕಟ್ಟುಪಾಡು ನಮ್ಮನ್ನು ಕಾಪಾಡಿದೆ. ಈಗ ಅದೇ ಮನುಷ್ಯನಿಗೆ, ಈ ಇ-ಮೇಲುಗಳನ್ನು ನಿಮ್ಮ ಕೋಣೆಗೆ ಇಳಿಸಿಕೊಳ್ಳಿ ಎಂದು ತಾವು ಸಹಿ ಮಾಡಿದ ಆದೇಶ ಹೋಯಿತು. ಅವರು ಏನು ತಿಳಿಯಬೇಕು? ಸಾಹೇಬರು ಕೋಣೆಗೆ ಕಳಿಸಿದ್ದಾರೆ, ಅಂದಮೇಲೆ ಸಾಹೇಬರು ಮುಗಿಸಿದ್ದಾರೆ. ಆರಿಫನನ್ನು ಕರೆಸಿ ಸೀಡಿ ಮಾಡಿಸಿದರು. ಪ್ರತಿಯೊಂದು ಅರ್ಜಿಯ ಎದುರು ‘ಮುಕ್ತಾಯ’ ಎಂದು ದಾಖಲಿಸಿದರು. ಸೀಡಿಗಳನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ, ಹುಳ ಹತ್ತಬಾರದೆಂದು ಡಾಂಬರ ಗುಳಿಗೆ ಇಟ್ಟು, ಕಪಾಟಿಗೆ ಕೀಲಿ ಹಾಕಿದರು. ಮರುದಿನ ತೆರವು ವಿಭಾಗದವರು ಬಂದು ನೋಡಿದರು: ಬಾಕಿ ಉಳಿದ ಆಕ್ಷೇಪಣೆ ಒಂದೂ ಇಲ್ಲ. ಸೋಮವಾರದ ಮುಹೂರ್ತ ಹಿಡಿದರು.

ಹೊಸ ನೋಟೀಸು ಡಬ್ಬಿಯ ಮೇಲೆ ಬಂದ ದಿನ ನಾವು ಮೂವರೂ ಉಡಚಪ್ಪನವರ ಹತ್ತಿರ ಹೋದೆವು. ಅವರು ಕುರ್ಚಿ ಹಾಕಿಸಿ ಕೂರಿಸಿದರು. ಎಲ್ಲ ಕೇಳಿಕೊಂಡು, ಕನ್ನಡಕ ತೆಗೆದು ಒರೆಸಿಕೊಂಡರು.

“ಮುಗೀಲಾರದ್ದು ನನ್ನ ಖೋಲ್ಯಾಗ ಬರಂಗಿಲ್ರಿ ಕನಕರಾಜಣ್ಣ,” ಎಂದರು. “ಬಂದೈತಿ ಅಂದ್ರ ಮುಗದೈತಿ.”

“ಏನಂತ ಮುಗದೈತಿ ಯಣ್ಣಾ?” ಸಾಬೀರಾ ಕೇಳಿದರು. “ಸರಸು ಅಂತ ಮುಗದೈತೋ, ಸರಸಬ್ಯಾಡ ಅಂತ ಮುಗದೈತೋ?”

“ಅದು ಮ್ಯಾಲಿನವರ ಕೆಲಸ ತಂಗಿ. ನಂದು ಬರೇ ಇಟಗೊಳ್ಳೂದು.”

“ಮ್ಯಾಲಿನವರು ನೋಡೇ ಇಲ್ಲಂತ.”

ನೋಡದೆ ರೆಕಾರ್ಡ್ ರೂಮಿಗೆ ಕಡತ ಕಳಿಸುವ ಸಾಹೇಬರಿರುತ್ತಾರೆಂಬುದು ಉಡಚಪ್ಪನವರ ಮನಸ್ಸಿಗೆ ಒಗ್ಗುತ್ತಿರಲಿಲ್ಲ. ಕೊನೆಗೆ, ಹಾಗಿದ್ದರೆ ಗಂಟು ಬಿಚ್ಚೋಣ, ಅದಕ್ಕೆ ನಕಲು ಬೇಕೆಂದು ಅರ್ಜಿ ಕೊಡಿ ಎಂದರು. ಗೌಸುಸಾಬರು ಜೇಬಿನಿಂದ ಪೆನ್ನು ತೆಗೆದರು. ಉಡಚಪ್ಪನವರ ಮುಖ ಇನ್ನೂ ಸಣ್ಣದಾಯಿತು. ಈಗ ಕಾಗದದ ಅರ್ಜಿ ನಡೆಯುವುದಿಲ್ಲ, ಇ-ಮೇಲ್ ಮಾಡಬೇಕು. ಇ-ಮೇಲ್ ಪೆಟ್ಟಿಗೆಗೆ ಹೋಗಬೇಕು. ಪೆಟ್ಟಿಗೆ ತುಂಬಿದೆ.

ಮಾನ್ಯರೇ, ಇಂಥ ಬಿಗಿಯಾದ ಗಂಟನ್ನು ಕಟ್ಟಲು ಪೊಲೀಸರಿಗೂ ಬರುವುದಿಲ್ಲ. ನಾನು ಒಳಗೆ ಹೋಗಿ ಬಂದವನು, ಹಗ್ಗಗಳ ಪರಿಚಯ ಇರುವವನು ಹೇಳುತ್ತಿದ್ದೇನೆ.

ಅಲ್ಲಿಂದ ನಾನು ತಮ್ಮ ಕೋಣೆಗೇ ಬಂದೆ, ನೆನಪಿರಬಹುದು. ತಾವು ಸೌಜನ್ಯದಿಂದ ಚಹಾ ತರಿಸಿದಿರಿ. ಡಿಸ್ಕಿನ ಜಾಗ ಸೀಮಿತವಾದದ್ದು, ಜನ ಸಿಕ್ಕಸಿಕ್ಕದ್ದಕ್ಕೆಲ್ಲ ಇ-ಮೇಲ್ ಕಳಿಸಿ ಯಂತ್ರವನ್ನು ತುಂಬಿಸುತ್ತಿದ್ದಾರೆ, ನಿಮ್ಮಂಥ ತಿಳಿದವರು ಅವರಿಗೆ ತಿಳಿಹೇಳಬೇಕು ಎಂದು ನನಗೆ ಉಪದೇಶ ಮಾಡಿದಿರಿ. ನಾನು ಆ ಉಪದೇಶವನ್ನು ತೆಗೆದುಕೊಂಡು ಹೋಗಿ ಆರಿಫನಿಗೆ ಒಪ್ಪಿಸಿದೆ. ಅವನು ಕುಡಿಯುತ್ತಿದ್ದ ಚಹಾವನ್ನು ಕೀಬೋರ್ಡಿನ ಮೇಲೆ ಉಗುಳಿದ.

ತಮ್ಮ ಸೀಡಿ ಮಾಡಿದವನು ಅವನೇ ಅಲ್ಲವೇ? ಯಂತ್ರದ ಹೊಟ್ಟೆಯಲ್ಲಿ ಏನಿತ್ತೆಂದು ಅವನ ಬಾಯಿಯಿಂದ ಕೇಳಿದೆ. ಗೌಸುಸಾಬರ ಇ-ಮೇಲ್ ಮೂರು ಕೆಬಿ. ಕೆಬಿ ಎಂದರೆ ಜಾಗದ ಅಳತೆ, ನಮ್ಮಲ್ಲಿ ಗುಂಟೆ ಇದ್ದ ಹಾಗೆ ಎಂದಿಟ್ಟುಕೊಳ್ಳಿ. ತಾವು ಉದ್ಯಾನ ಉದ್ಘಾಟಿಸುವಾಗ ಕತ್ತರಿ ಹಿಡಿದು ನಿಂತ ಒಂದೇ ಒಂದು ಫೋಟೋದಲ್ಲಿ ಸಾವಿರಕ್ಕೂ ಹೆಚ್ಚು ಗೌಸುಸಾಬರು ಡಬ್ಬಿ ಸಮೇತ ಕೂರಬಹುದು. ಅಂಥ ಫೋಟೋಗಳು ಒಂದೆರಡಲ್ಲ. ಕತ್ತರಿ ಹಿಡಿದದ್ದು, ರಿಬ್ಬನ್ ಕತ್ತರಿಸಿದ್ದು, ಕತ್ತರಿಸಿದ ರಿಬ್ಬನ್ ಕೆಳಗೆ ಬಿದ್ದದ್ದು, ಅದನ್ನು ನೋಡುತ್ತ ತಾವು ನಕ್ಕದ್ದು. ಅದನ್ನೆಲ್ಲ ತಾವು ಎಲ್ಲ ವಿಭಾಗಗಳಿಗೂ ಕಳಿಸಿದಿರಿ. ಎಲ್ಲ ವಿಭಾಗಗಳೂ ‘ಅಭಿನಂದನೆಗಳು ಸರ್’ ಎಂದು ಬರೆದು ಅದೇ ಫೋಟೋಗಳನ್ನು ತಿರುಗಿ ತಮಗೂ, ತಮ್ಮತಮ್ಮೊಳಗೂ ಕಳಿಸಿಕೊಂಡವು. ಒಂದು ರಿಬ್ಬನ್ನು ಹೀಗೆ ಊರೆಲ್ಲ ಸುತ್ತಿ ಯಂತ್ರದ ಕುತ್ತಿಗೆಗೆ ಬಿಗಿಯಿತು. ಆ ಉದ್ಯಾನದಲ್ಲಿ ಸದ್ಯಕ್ಕೆ ಒಂದು ಕಲ್ಲಿನ ಬೆಂಚು ಮತ್ತು ಒಂದು ಹಂದಿ ಇವೆ ಎಂಬುದನ್ನು ಇಲ್ಲಿ ಪ್ರಸ್ತಾಪಿಸುವುದು ಅಪ್ರಸ್ತುತ.

ಈ ಫೋಟೋಗಳನ್ನೇಕೆ ಆರ್ಕೈವ್ ಮಾಡಲಿಲ್ಲ? ಅವು ಹೊಸವು, ಮೂರು ತಿಂಗಳು ತುಂಬಿಲ್ಲ. ನಿಯಮ ವಯಸ್ಸನ್ನು ನೋಡುತ್ತದೆ, ಗಾತ್ರವನ್ನು ನೋಡುವುದಿಲ್ಲ. ಗೌಸುಸಾಬರ ಅರ್ಜಿಗೆ ವಯಸ್ಸಾಗುವಂತೆ ಮಾಡಿದವರು ಯಾರು? ಬಂದ ದಿನವೇ ಓದಿ ಉತ್ತರಿಸಿದ್ದರೆ ಅದಕ್ಕೆ ವಯಸ್ಸಾಗುತ್ತಿತ್ತೇ? ತಾವು ಹೆಚ್ಚು ತಡಮಾಡಿದಷ್ಟೂ ತಮ್ಮ ಕೆಲಸ ಹೆಚ್ಚು ಮುಗಿಯುತ್ತದೆ, ಇದು ತಾವು ಕಂಡುಹಿಡಿದ ಹೊಸ ಆಡಳಿತ ಪದ್ಧತಿ. ಈ ಪದ್ಧತಿಯನ್ನು ರಾಜ್ಯವೆಲ್ಲ ಒಪ್ಪಿಕೊಂಡರೆ ನಮ್ಮ ಕಡೆಯ ಸಮಸ್ಯೆಗಳು ನಾಳೆಯೇ ತೀರುತ್ತವೆ. ನಮ್ಮ ಕಾಲುವೆ ನೀರಿನ ಬೇಡಿಕೆಗೆ ಎಷ್ಟು ವಯಸ್ಸು? ನಮ್ಮ ರಸ್ತೆಯ ಬೇಡಿಕೆಗೆ? ಅವು ಮೂರು ತಿಂಗಳಲ್ಲ, ಮೂರು ತಲೆಮಾರು ದಾಟಿವೆ. ಎಲ್ಲವನ್ನೂ ಕೆಂಪು ಬಟ್ಟೆಯಲ್ಲಿ ಕಟ್ಟಿ, ಡಾಂಬರ ಗುಳಿಗೆ ಇಟ್ಟು, ಈ ನಾಡಿನಲ್ಲಿ ಯಾರಿಗೂ ಯಾವ ತಕರಾರೂ ಬಾಕಿ ಇಲ್ಲವೆಂದು ದಿಲ್ಲಿಗೆ ವರದಿ ಕಳಿಸಬಹುದಲ್ಲ.

ಕೂಡಿಡುವುದನ್ನು ನಮಗೆ ಕಲಿಸಬೇಡಿ, ಸ್ವಾಮಿ. ನಮ್ಮ ಅವ್ವ ಫಕೀರವ್ವ ಅಕ್ಷರ ಕಲಿತವಳಲ್ಲ. ಜೋಳದ ರಾಶಿ ಮನೆಗೆ ಬಂದಾಗ ಅವಳು ಮೊದಲು ಮಾಡುತ್ತಿದ್ದದ್ದು ಹೊಟ್ಟು ತೂರಿ ಹೊರಗೆ ಹಾಕುವುದು. ಎಲ್ಲಕ್ಕಿಂತ ಹೆಚ್ಚು ಜಾಗ ತಿನ್ನುವುದು ಹೊಟ್ಟೇ. ಆಮೇಲೆ ನೆಲದೊಳಗಿನ ಕಣಜವಾದ ಹಗೆಗೆ ಕಾಳು ಇಳಿಸುತ್ತಿದ್ದಳು. ಬಿತ್ತುವ ಬೀಜವನ್ನು ಹಗೆಗೆ ಹಾಕಲು ಬಿಡುತ್ತಿರಲಿಲ್ಲ. ಅದನ್ನು ಬೂದಿ ಕಲಸಿ ಗಡಿಗೆಯಲ್ಲಿ ತುಂಬಿ ಕೈಗೆ ಸಿಗುವಲ್ಲಿ ಇಡುತ್ತಿದ್ದಳು, ಅದರ ಕೆಲಸ ಇನ್ನೂ ಆಗಬೇಕಾಗಿತ್ತು. ಹಗೆಗೆ ಇಳಿಸಿದ ಕಾಳನ್ನು ಉಂಡು ಮುಗಿಸಿದ್ದೆಂದು ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಮ್ಮಪ್ಪ ಅವಳನ್ನು ಧಾರವಾಡದ ಹುಚ್ಚಿನ ದವಾಖಾನೆಗೆ ತೋರಿಸಿಕೊಂಡು ಬರುತ್ತಿದ್ದ. ತಾವು ಮಾಡಿದ್ದಾದರೂ ಏನು? ಹೊಟ್ಟನ್ನು ಏಸಿ ಕೋಣೆಯಲ್ಲಿ ಉಳಿಸಿಕೊಂಡಿರಿ, ಬೀಜವನ್ನು ಹಗೆಗೆ ತಳ್ಳಿದಿರಿ, ಮೇಲೆ ನಿಂತು ತೇಗಿದಿರಿ.

ಹೊರಗೆ ಬೀದಿಯಲ್ಲಿ ಮಾಡುತ್ತಿರುವುದೂ ಇದನ್ನೇ. ಅಂಗಡಿಸಾಲಿನ ಮೂರಂತಸ್ತಿನ ಕಟ್ಟಡಗಳ ಮೆಟ್ಟಿಲುಗಳು ರಸ್ತೆಗೆ ಇಳಿದು, ಚರಂಡಿ ದಾಟಿ, ಡಾಂಬರಿನ ಮೇಲೆ ಕಾಲು ಚಾಚಿ ಮಲಗಿವೆ. ಅವುಗಳ ಮೇಲೆ ಕೆಂಪು ಬಣ್ಣ ಬಿದ್ದಿಲ್ಲ. ಹಾಸಿಗೆಯಷ್ಟಗಲದ ಗೌಸುಸಾಬರ ಡಬ್ಬಿಯ ಮೇಲೆ ಬಿದ್ದಿದೆ. ಯಂತ್ರದೊಳಗೆ ಅವರ ಮೂರು ಕೆಬಿ ಅತಿಕ್ರಮಣ, ತಮ್ಮ ಕತ್ತರಿಯ ಫೋಟೋ ಸಕ್ರಮ. ಬೀದಿಯಲ್ಲಿ ಅವರ ಡಬ್ಬಿ ಅತಿಕ್ರಮಣ, ಮೂರಂತಸ್ತು ಸಕ್ರಮ. ಜಾಗ ಬಿಡಿಸುವ ಮಾತು ಬಂದಾಗಲೆಲ್ಲ ತಮ್ಮ ಕಣ್ಣಿಗೆ ಮೊದಲು ಬೀಳುವವರು ಎಲ್ಲರಿಗಿಂತ ಕಡಿಮೆ ಜಾಗದಲ್ಲಿ ಕೂತವರು. ಇದು ಕಣ್ಣಿನ ದೋಷವೋ, ಕುರ್ಚಿಯ ದೋಷವೋ?

ಇನ್ನು, ಖಾಲಿಯಾದ ಪೆಟ್ಟಿಗೆ ಮತ್ತೆ ಹೇಗೆ ತುಂಬಿತೆಂಬ ಕತೆ. ಒಂದೇ ದಿನದಲ್ಲಿ ಅಷ್ಟೊಂದು ಅರ್ಜಿ ಮುಗಿಸಿದ ಕಚೇರಿ ಸುತ್ತಲಿನ ಯಾವ ತಾಲ್ಲೂಕಿನಲ್ಲಿಯೂ ಇರಲಿಲ್ಲವಾಗಿ ತಮಗೆ ಸನ್ಮಾನವಾಯಿತು. ಶಾಲು ಹೊದಿಸಿದ್ದು, ಹಣ್ಣಿನ ಬುಟ್ಟಿ ಕೊಟ್ಟದ್ದು, ಬುಟ್ಟಿಯನ್ನು ಜವಾನನಿಗೆ ದಾಟಿಸಿದ್ದು, ಎಲ್ಲದರ ಫೋಟೋಗಳು ಎಲ್ಲ ವಿಭಾಗಗಳಿಗೂ ಹೋದವು. ಎಲ್ಲ ವಿಭಾಗಗಳೂ ‘ಅಭಿನಂದನೆಗಳು ಸರ್’ ಎಂದವು. ಸಂಜೆಯ ಹೊತ್ತಿಗೆ ಯಂತ್ರ ಉಸಿರು ಕಟ್ಟಿ ಕೂತಿತು. ಜಾಗ ಖಾಲಿ ಮಾಡಿದ ಸಂಭ್ರಮಕ್ಕೇ ಜಾಗ ಸಾಲದೆ ಹೋದದ್ದು ಬೇರೆಲ್ಲಾದರೂ ಉಂಟೇ? ಆ ಶಾಲಿನ ಫೋಟೋ ಅಡ್ಡ ಕೂತದ್ದಕ್ಕೇ ನನ್ನ ಪತ್ರ ವಾಪಸು ಬಂದದ್ದು.

ಇಲ್ಲಿಯವರೆಗಿನದು ಹೋದ ವಾರದ ಮಾತು. ನಿನ್ನೆಯದನ್ನೂ ತಮ್ಮ ಗಮನಕ್ಕೆ ತರಬೇಕು.

ನಿನ್ನೆ ಸಂಜೆ ಡಬ್ಬಿಯ ಮುಂದೆ ಹತ್ತಾರು ಜನ ಸೇರಿದ್ದೆವು. ಧರಣಿಯೋ ರಸ್ತೆ ತಡೆಯೋ ಎಂದು ವಾದ ನಡೆದಿತ್ತು. ಗೌಸುಸಾಬರು ಯಾವುದೂ ಬೇಡವೆಂದರು; ಸಾಹೇಬರ ಒಪ್ಪಿಗೆ ಇನ್ನೂ ಬರಬಹುದು, ಸೋಮವಾರಕ್ಕೆ ಸಮಯವಿದೆ ಎಂದರು. ಅವರು ನಿಜವಾಗಿಯೂ ಇನ್ನೂ ತಮ್ಮ ಒಪ್ಪಿಗೆ ಕಾಯುತ್ತಿದ್ದರು. ಸಾಬೀರಾ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು.

“ಮುಗದೈತಿ ಅಂತ ಸಾಹೇಬ್ರ ಯಂತ್ರಾನ ಹೇಳೇತಲ್ಲ,” ಎಂದರು. “ಹಂಗಾರ ಮುಗಿಸೂಣು ಬರ್ರಿ. ಹಿಡೀರಿ ಆ ಕಡೆ.”

ಹಿಡಿದೆವು. ಒಳಗಿನ ಪಂಪು, ಪೈಪು, ಪಾನಾ ಎಲ್ಲ ಹೊರಗೆ ತೆಗೆದು, ಕಸ ಬಳಿದು, ಡಬ್ಬಿಯನ್ನು ಕಾಂಪೌಂಡಿನ ಗೋಡೆಗೆ ಹತ್ತುವವರೆಗೆ ಹಿಂದಕ್ಕೆ ತಳ್ಳಿದೆವು. ಅಷ್ಟರಲ್ಲಿ ಬೆಳವಣಕಿಯ ಬಸ್ಸು ಬಂತು. ಹುಚ್ಚಪ್ಪನವರು ಕಿಟಕಿಯಿಂದ ತಲೆ ಹೊರಹಾಕಿ ನೋಡಿ, ಒಂದೇ ಸುತ್ತಿಗೆ ತಿರುಗಿಸಿಬಿಟ್ಟರು. ಮೊದಲಾದರೆ ಎರಡು ಸಲ ಹಿಂದೆ ಮುಂದೆ ಮಾಡುತ್ತಿದ್ದರು. ಇಳಿದು ಬಂದು ಗೌಸುಸಾಬರ ಬೆನ್ನಿಗೆ ಗುದ್ದಿ, “ಇಷ್ಟ ಇತ್ತಲ್ಲೋ ಸಾಬಾ,” ಎಂದರು. ಹೌದು ಮಾನ್ಯರೇ, ಇಷ್ಟೇ ಇತ್ತು. ತಮ್ಮ ಡಿಸ್ಕು, ಸೀಡಿ, ಸುತ್ತೋಲೆ, ಶಾಲು ಎಲ್ಲದರ ನಡುವೆ ಇದ್ದದ್ದು ಎರಡು ಫೂಟು.

ಗೌಸುಸಾಬರಿಗೆ ನಿನ್ನೆ ಊಟ ಸೇರಲಿಲ್ಲವಂತೆ. ಸಾಹೇಬರನ್ನು ಕೇಳದೆ ಸರಿಸಿದೆವು, ಈಗ ನಾನು ಖರೇ ಅತಿಕ್ರಮಣದವನಾದೆ ಎಂದು ಹಲುಬುತ್ತಿದ್ದರೆಂದು ಸಾಬೀರಾ ಹೇಳಿದರು. ಕಾನೂನಿನ ಪ್ರಕಾರ ಅವರ ಮಾತು ಸರಿಯಿರಬಹುದು. ಆ ಎರಡು ಫೂಟಿಗೆ ತಾವು ಹೊಸ ನೋಟೀಸು ಕೊಡಬಹುದು, ಅವರು ಹೊಸ ಇ-ಮೇಲ್ ಕಳಿಸಬಹುದು, ಅದು ಮೂರು ತಿಂಗಳು ಕೂತು ತಾನೇ ಮುಗಿಯಬಹುದು.

ಅದಕ್ಕೆ ನನ್ನ ಬೇಡಿಕೆ. ಸೋಮವಾರ ಟ್ರ್ಯಾಕ್ಟರ್ ಕಳಿಸಬೇಡಿ. ತಾವೊಬ್ಬರೇ ಬನ್ನಿ, ನಡೆದುಕೊಂಡೇ ಬನ್ನಿ, ದೂರವಿಲ್ಲ. ಬೆಳವಣಕಿಯ ಬಸ್ಸು ತಿರುಗುವುದನ್ನು ನಿಂತು ನೋಡಿ. ಉಡಚಪ್ಪನವರ ಕಪಾಟಿನಲ್ಲಿರುವ ಅರ್ಜಿಗಳನ್ನೆಲ್ಲ ಹೊರಗೆ ತೆಗೆಸಿ ಒಂದೊಂದಾಗಿ ಓದುವುದನ್ನು ಮರುದಿನದಿಂದ ಶುರು ಮಾಡಿ. ಅವುಗಳ ಒಳಗೂ ಇಂಥ ಎರಡು ಫೂಟುಗಳು ಎಷ್ಟಿವೆಯೋ ಯಾರು ಬಲ್ಲರು? ಆದರೆ ಸೋಮವಾರ ಮಾತ್ರ ಬೇರೇನೂ ಮಾಡಬೇಕಿಲ್ಲ. ಕ್ಯಾಮರಾ ತರಬೇಡಿ, ಪೆನ್ನು ತನ್ನಿ. ಒಂದು ತುಂಡು ಕಾಗದದ ಮೇಲೆ, ಹೌದು, ಕಾಗದದ ಮೇಲೆ, ‘ಸರಿಸಲು ಒಪ್ಪಿಗೆ ಇದೆ’ ಎಂದು ಬರೆದು, ಸಹಿ ಮಾಡಿ, ಗೌಸುಸಾಬರ ಕೈಗೆ ಕೊಡಿ. ಶಿಕ್ಕಾ ಹೊಡೆಯುವುದನ್ನು ಮರೆಯಬೇಡಿ. ಅದಿಲ್ಲದೆ ಆ ಮನುಷ್ಯ ಉಣ್ಣುವುದಿಲ್ಲ.

ಇಂತಿ,
ತಮ್ಮ ಯಂತ್ರದ ಲೆಕ್ಕದಲ್ಲಿ ಎಂದೋ ಮುಗಿದು, ಊರಲ್ಲಿ ಇನ್ನೂ ಓಡಾಡಿಕೊಂಡಿರುವ
ಕನಕರಾಜ, ಜಕ್ಕಲಿ